ಹಕ್ಕಿ ಕೂಗುವ ತನಕ

ಆಗೆಲ್ಲ ನಮ್ಮೂರ ಹೆಣ್ಣುಮಕ್ಕಳ ಕೈಯಲ್ಲಿ ಗಡಿಯಾರ ಇರಲಿಲ್ಲ. ಇಷ್ಟು ಹೇಳಿದರೆ ಸಾಕು, ಓದುವವರಲ್ಲಿ ಅರ್ಧ ಜನ ಎಂಥ ಚೆಂದದ ಕಾಲ ಎಂದು ತಲೆದೂಗಲು ತಯಾರಾಗುತ್ತಾರೆ. ದಯವಿಟ್ಟು ತಲೆದೂಗಬೇಡಿ. ನಮ್ಮ ಅವ್ವಂದಿರ ಹೊತ್ತೆಲ್ಲ ಆಗ ತೋಟದ ಕೂಲಿಯವರ ಮೇಲ್ವಿಚಾರಕ ಮಿಸ್ತ್ರಿ ಶರಣಪ್ಪನ ಎಡಗೈಯ ಮಣಿಕಟ್ಟಿಗೆ ಕಟ್ಟಿಕೊಂಡಿತ್ತು. ಒಂದೇ ಒಂದು ಚಳಿಗಾಲ, ಅದೂ ಪೂರ್ತಿ ಅಲ್ಲ, ಒಂದು ಹಕ್ಕಿಯ ದೆಸೆಯಿಂದ ಅದು ನಮ್ಮವರ ಕೈಗೆ ಬಂದಿತ್ತು. ಬಂದದ್ದು ಹೇಗೆ ಹೋಯಿತು, ಹೋಗುವಾಗ ಯಾರನ್ನು ಎಳೆದುಕೊಂಡು ಹೋಯಿತು ಎನ್ನುವುದನ್ನು ನಾನು ಹೇಳಬೇಕಾಗಿದೆ.

ಆನೆಗೊಂದಿಯಿಂದ ಹೊಳೆಯ ದಂಡೆ ಹಿಡಿದು ನಡೆದರೆ ನಮ್ಮ ಊರು ಸಿಗುತ್ತದೆ. ಒಂದು ಮಗ್ಗುಲಿಗೆ ಬಂಡೆಗುಂಡುಗಳ ಬೋಳು ಗುಡ್ಡ, ಇನ್ನೊಂದು ಮಗ್ಗುಲಿಗೆ ಕಾಲುವೆ, ಕಾಲುವೆಯ ಆಚೆ ಧಣಿಯ ಬಾಳೆ ತೋಟ. ಅಪ್ಪ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಅಮಾವಾಸ್ಯೆಗೊಮ್ಮೆ ಮನೆಗೆ ಬರುತ್ತಿದ್ದ, ಬಂದಾಗ ಮೈಯೆಲ್ಲ ತೌಡಿನ ವಾಸನೆ. ಅವ್ವ ಮತ್ತು ಓಣಿಯ ಹೆಂಗಸರು ಮಳೆಗಾಲದಲ್ಲಿ ಭತ್ತದ ನಾಟಿಗೆ ಹೋಗುತ್ತಿದ್ದರು, ದಸರೆ ಕಳೆದ ಮೇಲೆ ಬೇಸಿಗೆಯ ತನಕ ಧಣಿಯ ತೋಟದಲ್ಲಿ ಬಾಳೆನಾರು ತೆಗೆಯುತ್ತಿದ್ದರು. ಗೊನೆ ಕೊಯ್ದ ಗಿಡವನ್ನು ಕೆಡವಿ, ಪದರ ಪದರ ಬಿಡಿಸಿ, ಹಲಗೆಯ ಮೇಲೆ ಹಾಸಿ, ಮೊಂಡು ತಗಡಿನಿಂದ ಒತ್ತಿ ಒತ್ತಿ ಕೆರೆಯಬೇಕು. ನೀರೆಲ್ಲ ಸೋರಿದ ಮೇಲೆ ಬೆಳ್ಳಗಿನ ಎಳೆ ಉಳಿಯುತ್ತದೆ. ಆ ರಸ ತಾಗಿದರೆ ಬಟ್ಟೆ ಹರಿದರೂ ಕರೆ ಹೋಗುವುದಿಲ್ಲ. ನಮ್ಮ ಅವ್ವನ ಸೀರೆಗಳು ಅಂಗಡಿಯಿಂದ ಬಂದಾಗ ಯಾವ ಬಣ್ಣದ್ದಿದ್ದವೋ ನನಗೆ ಇಂದಿಗೂ ಗೊತ್ತಿಲ್ಲ.

ತೋಟದೊಳಗೆ ಹೊಕ್ಕರೆ ಆಕಾಶ ಕಾಣುತ್ತಿರಲಿಲ್ಲ. ಎಲೆಗೆ ಎಲೆ ಕೂಡಿ ಚಪ್ಪರ ಹಾಕಿದಂತಿತ್ತು. ಕೆಳಗೆ ಕೊಳೆತ ತರಗು, ತೇವದ ಮಣ್ಣು, ಬಾಳೆರಸದ ಒಗರು ವಾಸನೆ. ಹೊತ್ತೇರಿತೋ ಇಳಿಯಿತೋ ತಿಳಿಯಬೇಕಾದರೆ ಮಿಸ್ತ್ರಿಯನ್ನೇ ಕೇಳಬೇಕು. ಶರಣಪ್ಪನ ಗಡಿಯಾರ ಮುಂಜಾನೆ ಓಡುತ್ತಿತ್ತು, ಸಂಜೆ ಕುಂಟುತ್ತಿತ್ತು. ಹೆಂಗಸರು ಎಷ್ಟು ಬೇಗ ಬಂದರೂ ತಡವಾಯಿತು ಎನ್ನುತ್ತಿದ್ದ, ಸಂಜೆ ಯಾವಾಗ ಕೇಳಿದರೂ ಇನ್ನೂ ಹೊತ್ತಿದೆ ಎನ್ನುತ್ತಿದ್ದ. ಕೈ ಶರಣಪ್ಪನದು, ಕೀಲಿ ಧಣಿಯದು ಎಂದು ದುರುಗವ್ವ ಅವನ ಎದುರಿಗೇ ಆಡಿಕೊಳ್ಳುತ್ತಿದ್ದಳು. ದುರುಗವ್ವ ನಾರಿನ ಹೆಂಗಸರಲ್ಲೆಲ್ಲ ಹಿರಿಯಳು. ಬಾಯಲ್ಲಿ ಸದಾ ಎಲೆ ಅಡಿಕೆ, ಧಣಿ ಬಂದರೂ ಉಗುಳದೆ ಮಾತಾಡುವವಳು. ಅವಳು ಎದ್ದರೆ ಎಲ್ಲರೂ ಏಳುತ್ತಿದ್ದರು, ಅವಳು ಕೂತರೆ ಎಲ್ಲರೂ ಕೂರುತ್ತಿದ್ದರು.

ಸುಳ್ಳು ಹೇಳದೆ ಹೊತ್ತು ಹೇಳುತ್ತಿದ್ದದ್ದು ಆ ತೋಟದಲ್ಲಿ ಒಂದು ಹಕ್ಕಿ. ದಸರೆಯ ಆಸುಪಾಸು ಎಲ್ಲಿಂದಲೋ ಬರುತ್ತಿತ್ತು, ಮಳೆಗೆ ಮುಂಚೆ ಎಲ್ಲಿಗೋ ಹೋಗುತ್ತಿತ್ತು. ಬಂದದ್ದನ್ನಾಗಲಿ ಹೋದದ್ದನ್ನಾಗಲಿ ಕಂಡವರಿಲ್ಲ. ನಿನ್ನೆ ಇರದ ಕೂಗು ಇವತ್ತು ಮುಂಜಾನೆ ಕೇಳಿದರೆ ಬಂದಿದೆ ಎಂದು ಲೆಕ್ಕ. ಅದು ಕಾಡಿನ ಹಕ್ಕಿ. ಕಲ್ಲೇ ಕಲ್ಲಾದ ನಮ್ಮ ಸೀಮೆಯಲ್ಲಿ ಅದಕ್ಕೆ ಕಾಡಿನಂತೆ ಕಂಡದ್ದು ಧಣಿಯ ತೋಟ ಒಂದೇ ಇರಬೇಕು. ಅದರ ಬದುಕೆಲ್ಲ ನೆಲದ ಮೇಲೆ. ಕೊಕ್ಕಿನಿಂದ ತರಗೆಲೆ ಎತ್ತಿ ಆಚೆ ಒಗೆಯುವುದು, ಅಡಿಯಲ್ಲಿದ್ದ ಹುಳ ಹೆಕ್ಕುವುದು, ಎರಡು ಹೆಜ್ಜೆ ಕುಪ್ಪಳಿಸಿ ಮತ್ತೆ ನಿಲ್ಲುವುದು. ಆ ಸರಪರ ಸದ್ದು ಹಿಡಿದು ಮಕ್ಕಳು ಓಡಿದರೆ ಎಲೆ ಮಾತ್ರ ಅಲ್ಲಾಡುತ್ತಿತ್ತು. ಪುಣ್ಯವಿದ್ದವರಿಗೆ ಒಂದು ಗಿಡ್ಡ ಬೆನ್ನು ಕಾಣುತ್ತಿತ್ತು, ಬಾಲ ಕತ್ತರಿಸಿ ಬಿಟ್ಟಂಥ ಬೆನ್ನು. ದಿನವೆಲ್ಲ ಮೂಕ. ಬೆಳಕು ಹರಿಯುವಾಗ ಮತ್ತು ಬೆಳಕು ಹೋಗುವಾಗ ಮಾತ್ರ ಸಿಳ್ಳು ಹಾಕುತ್ತಿತ್ತು. ಸಿಳ್ಳಿಗೆ ಎರಡು ತುಂಡು, ಮೊದಲನೆಯದು ಮೇಲಕ್ಕೇರುತ್ತಿತ್ತು, ಎರಡನೆಯದು ಇಳಿಯುತ್ತಿತ್ತು. ದೂರದಿಂದ ಯಾರೋ ಗುರುತಿನವರನ್ನು ಕರೆದ ಹಾಗೆ ಕೇಳುತ್ತಿತ್ತು. ಅದಕ್ಕೆ ಹೆಸರೇನೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಂಗಸರು ಹೊತ್ತಿನ ಹಕ್ಕಿ ಎನ್ನುತ್ತಿದ್ದರು, ಅಷ್ಟೇ.

ಆ ಕೂಗಿಗೆ ಎಲ್ಲರಿಗಿಂತ ಹೆಚ್ಚು ಕಿವಿಗೊಟ್ಟು ಕೂರುತ್ತಿದ್ದವಳು ನನ್ನ ಅಕ್ಕ ಗಂಗವ್ವ. ಆ ವರ್ಷ ಅವಳು ಐದನೆಯ ಇಯತ್ತೆ. ಲೆಕ್ಕದಲ್ಲಿ ಎಷ್ಟು ಚುರುಕೆಂದರೆ ಕಿರಾಣಿ ಅಂಗಡಿಯವನು ಅವಳನ್ನು ಕಂಡರೆ ಚಿಲ್ಲರೆ ಎರಡು ಸಲ ನೋಡಿ ಕೊಡುತ್ತಿದ್ದ. ಶಾಲೆಯ ಮಾಸ್ತರರು ಯಲಬುರ್ಗಾ ಕಡೆಯವರು, ಗಂಗಾವತಿಯಲ್ಲಿ ಮನೆ ಮಾಡಿದ್ದರು. ವಸತಿ ಶಾಲೆಯ ಪರೀಕ್ಷೆಗೆ ಕೂರಿಸಬೇಕೆಂದು ನಾಲ್ಕಾರು ಮಕ್ಕಳನ್ನು ಆರಿಸಿಕೊಂಡು ಪುಕ್ಕಟೆ ಪಾಠ ಹೇಳುತ್ತಿದ್ದರು. ಮಕ್ಕಳೆಲ್ಲ ದನ, ಕುರಿ, ಕೂಸು ಎಂದು ಸಂಜೆಯ ತನಕ ಕೆಲಸದವರೇ ಆದದ್ದರಿಂದ ಪಾಠ ದೀಪ ಹಚ್ಚುವ ಹೊತ್ತಿಗೆ ಶುರು. ಗಂಗಾವತಿಗೆ ಹೋಗುವ ಕೊನೆಯ ಬಸ್ಸು ಬರುವ ತನಕ ಅವರು ಕಲಿಸುತ್ತಿದ್ದರು. ಪಾಸಾದರೆ ಆರನೆಯ ಇಯತ್ತೆಯಿಂದ ಊಟ, ಬಟ್ಟೆ, ಪುಸ್ತಕ, ಮಲಗಲು ಮಂಚ ಎಲ್ಲ ಸರಕಾರದ್ದು. ಅಕ್ಕ ಆ ಮಂಚದ ಬಗ್ಗೆಯೇ ಹೆಚ್ಚು ಮಾತಾಡುತ್ತಿದ್ದಳು.

ಅವಳ ಕಾಲಿಗೆ ತೊಡಕಾಗಿದ್ದವನು ನಮ್ಮ ತಮ್ಮ. ಆಗ ತಾನೇ ಅಂಬೆಗಾಲಿಡುತ್ತಿದ್ದ, ನೆಲಕ್ಕೆ ಬಿಟ್ಟರೆ ನೇರವಾಗಿ ಕಾಲುವೆಯ ಕಡೆಗೇ ಹೊರಡುತ್ತಿದ್ದ. ಹಗಲೆಲ್ಲ ತೋಟದ ಅಂಚಿನ ಹುಣಸೆ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ನಿದ್ದೆ ಮಾಡಿ ಸಂಜೆ ಸೊಳ್ಳೆ ಏಳುವ ಹೊತ್ತಿಗೆ ಎದ್ದು ರಂಪ ತೆಗೆಯುತ್ತಿದ್ದ. ಶಾಲೆ ಬಿಟ್ಟೊಡನೆ ಅಕ್ಕ ಬಂದು ಅವನನ್ನು ಎತ್ತಿಕೊಳ್ಳಬೇಕು, ಅವ್ವ ಕೆಲಸ ಬಿಡುವ ತನಕ ಕಂಕುಳಿನಿಂದ ಇಳಿಸುವ ಹಾಗಿಲ್ಲ. ನಾನಿನ್ನೂ ಒಂದನೆಯ ಇಯತ್ತೆ. ಅವನು ನನಗಿಂತ ದಪ್ಪ, ನನ್ನ ಕಂಕುಳಲ್ಲಿ ನಿಲ್ಲುತ್ತಿರಲಿಲ್ಲ. ಹುಣಸೆಯ ಬುಡದಲ್ಲಿ ಗಜಗದ ಕಾಯಿ ಹರಡಿಕೊಂಡು ಆಡುತ್ತ ನಾನು ಅಕ್ಕನನ್ನು ಕರೆಯುತ್ತಿದ್ದೆ. ಅವಳು ಒಂದು ಕಾಯಿಯನ್ನೂ ಮುಟ್ಟದೆ, ಕೂಸನ್ನು ಆಡಿಸುತ್ತ, ತೋಟದ ಕಡೆಗೆ ಕಿವಿ ಇಟ್ಟು ನಿಂತಿರುತ್ತಿದ್ದಳು. ಪಾಠದ ಪುಸ್ತಕ ಅವಳ ಲಂಗದ ನಡುವಿನಲ್ಲಿ ಸಿಕ್ಕಿಸಿಕೊಂಡಿರುತ್ತಿತ್ತು.

ಹಕ್ಕಿ ಕೂಗಿದರೂ ಮಿಸ್ತ್ರಿ ಬಿಡುತ್ತಿರಲಿಲ್ಲ. ಹೆಂಗಸರು ಗೊಣಗಿ ಮತ್ತೆ ತಗಡು ಎತ್ತಿಕೊಳ್ಳುತ್ತಿದ್ದರು. ದೀಪಾವಳಿ ಕಳೆದ ಮೇಲೆ ಒಂದು ದಿನ ಮೋಡ ಕವಿದು ತೋಟದೊಳಗೆ ಹಗಲಿನಲ್ಲೇ ಕತ್ತಲಾಯಿತು. ಹಕ್ಕಿಯೂ ಮೋಸಹೋಗಿ ಸಂಜೆಗೆ ಎಷ್ಟೋ ಮುಂಚೆ ಸಿಳ್ಳು ಹಾಕಿತು. ದುರುಗವ್ವ ತಗಡು ಕೆಳಗಿಟ್ಟು, ಬಾಯೊಳಗಿನ ಎಲೆ ಅಡಿಕೆ ಉಗುಳಿ, ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದರು. ಶರಣಪ್ಪ ಗಡಿಯಾರ ಎತ್ತಿ ಎತ್ತಿ ತೋರಿಸಿದ, ಕೂಗಾಡಿದ. ಯಾರೂ ತಿರುಗಿ ನೋಡಲಿಲ್ಲ. ಕಾಲುವೆ ದಾಟಿ ಬಯಲಿಗೆ ಬಂದ ಮೇಲೆ ಇನ್ನೂ ಹೊತ್ತಿದೆ ಎಂದು ಅವರಿಗೂ ಗೊತ್ತಾಯಿತು. ಗೊತ್ತಾಗಿ ನಕ್ಕದ್ದೇ ನಕ್ಕದ್ದು. ಆ ದಿನ ಅವ್ವ ಪುಂಡಿಪಲ್ಯ ಮಾಡಿ, ಬಿಸಿ ರೊಟ್ಟಿಗೆ ಎಣ್ಣೆ ಶೇಂಗಾಹಿಂಡಿ ಹಚ್ಚಿ ಕೊಟ್ಟದ್ದು ನೆನಪಿದೆ. ಹೊತ್ತಿದ್ದಾಗ ಮಾಡಿದ ಅಡುಗೆಯ ರುಚಿಯೇ ಬೇರೆ ಎಂದು ಅವ್ವ ಹೇಳಿದಳು.

ಮರುದಿನ ಧಣಿಯೇ ತೋಟಕ್ಕೆ ಬಂದ. ಜಗಳ ಆಗುತ್ತದೆಂದು ನಾವು ಮಕ್ಕಳು ಹುಣಸೆಯ ಹಿಂದೆ ಅಡಗಿದೆವು. ಜಗಳ ಆಗಲಿಲ್ಲ. ಧಣಿ ನಗುಮುಖದ ಮನುಷ್ಯ, ನಗುತ್ತಲೇ ಮಾತಾಡಿ ಬೇಕಾದ್ದನ್ನು ಪಡೆಯುವವನು. ದುರುಗವ್ವ ಎದ್ದು ನಿಂತು ಕೇಳಿದಳು.

"ನಿಮ್ಮ ಗಡಿಯಾರದ ಮುಳ್ಳು ನಿಮ್ಮ ಕೈಯಾಗ ಐತ್ರಿ ಧಣ್ಯಾರ. ಹಿಂದ ಸರಸ್ತೀರಿ, ಮುಂದ ಸರಸ್ತೀರಿ. ಹಕ್ಕಿ ನಿಮ್ಮ ಕೈಯಾಗೂ ಇಲ್ಲ, ನಮ್ಮ ಕೈಯಾಗೂ ಇಲ್ಲ. ಅದು ಕೂಗಿದ್ರ ಮನಿಗೆ ಹೊಕ್ಕೀವಿ, ಕೂಗೂತನ ಏಳಂಗಿಲ್ಲ. ಒಪ್ಪಿದ್ರ ಒಪ್ರಿ."

ಧಣಿ ಜೋರಾಗಿ ನಕ್ಕ. ಇಂಥ ಕರಾರು ಹುಟ್ಟಿದಾಗಿನಿಂದ ಕೇಳಿಲ್ಲ ಎಂದ. ಆಮೇಲೆ ಒಪ್ಪಿದ. ಕೂಗಿದ ಮೇಲೆ ಯಾರನ್ನೂ ತಡೆಯಬೇಡ, ಕೂಗುವ ತನಕ ಯಾರನ್ನೂ ಬಿಡಬೇಡ ಎಂದು ಶರಣಪ್ಪನಿಗೆ ಎಲ್ಲರೆದುರು ಹೇಳಿದ. ಹೆಂಗಸರ ಮುಖ ಆ ಹೊತ್ತಿನಲ್ಲಿ ನೋಡಬೇಕಿತ್ತು. ಮಾತಿನ ಎರಡನೆಯ ತುಂಡನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಅದನ್ನು ಸ್ವತಃ ಆಡಿದ ದುರುಗವ್ವ ಕೂಡ.

ಆ ಮೇಲಿನ ದಿನಗಳಷ್ಟು ಒಳ್ಳೆಯ ದಿನಗಳು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಬೆಳಕು ಕೆಂಪಗಾಗಿ ಎಲೆಗಳ ಅಡಿಗೆ ಇಳಿಯುತ್ತಿದ್ದಂತೆ ತೋಟದೊಳಗಿನಿಂದ ಆ ಸಿಳ್ಳು ಬರುತ್ತಿತ್ತು. ಅಕ್ಕ ಅದು ಮುಗಿಯುವುದರೊಳಗೆ ಕಾಲುವೆಯ ಸಂಕದ ಮೇಲಿರುತ್ತಿದ್ದಳು. ಅವ್ವ ಕೈ ತೊಳೆದು ಎದುರಿಗೆ ಬರುತ್ತಿದ್ದಳು. ಸಂಕದ ನಡುವೆ ಕೂಸು ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ದಾಟುತ್ತಿತ್ತು, ಅಕ್ಕ ಓಡುತ್ತಿದ್ದಳು. ಲಂಗ ಎತ್ತಿ ಕಟ್ಟಿ, ಪುಸ್ತಕವನ್ನು ಎದೆಗವಚಿಕೊಂಡು, ಗುಂಡುಗಳ ನಡುವಿನ ಕಾಲುದಾರಿಯಲ್ಲಿ ಅವಳು ಓಡುವುದನ್ನು ಅವ್ವ ನಿಂತು ನೋಡುತ್ತಿದ್ದಳು. ಈ ಹುಡುಗಿ ಯಾವ ಊರಿಗೆ ಓಡಿ ಹೋಗುತ್ತದೋ ಎಂದು ನನ್ನ ಹತ್ತಿರ ಸುಳ್ಳೇ ಬೇಸರ ತೋರಿಸುತ್ತಿದ್ದಳು. ಮಾಸ್ತರರು ಅಕ್ಕನನ್ನು ಖಂಡಿತ ಪಾಸಾಗುವವರಲ್ಲಿ ಒಬ್ಬಳೆಂದು ಊರ ಚಾವಡಿಯಲ್ಲಿ ಹೇಳಿದ್ದರಂತೆ. ಅದನ್ನು ಅಪ್ಪನಿಗೆ ಹೇಳುವಾಗ ಅವ್ವ ಎರಡು ಸಲ ಹೇಳಿದಳು.

ಸಂಕ್ರಾಂತಿಯ ಮುಂಚೆ ಬಾಳೆಯ ಬೇರಿಗೆ ಹುಳ ಬಿದ್ದು ಗಿಡ ಸೊರಗತೊಡಗಿದವು. ಧಣಿ ಗಂಗಾವತಿಯಿಂದ ಗುಳಿಗೆ ಔಷಧ ತರಿಸಿದ. ಸಾಸಿವೆಗಿಂತ ಸಣ್ಣ ಕಾಳು, ಮೂಗಿಗೆ ಅಡರುವ ವಾಸನೆ. ನಾರಿನ ಕೆಲಸ ಒಂದು ದಿನ ನಿಲ್ಲಿಸಿ ಹೆಂಗಸರಿಂದಲೇ ಅದನ್ನು ಗಿಡದ ಬುಡಕ್ಕೆ ಹಾಕಿಸಿದರು. ಪರಾತದಲ್ಲಿ ಹೊತ್ತು, ಬರಿಗೈಯಿಂದ ಸುರಿದು, ಮೇಲೆ ಮಣ್ಣೆಳೆದರು. ಅವ್ವ ಕೈಯನ್ನು ಬೂದಿ ಹಚ್ಚಿ ತಿಕ್ಕಿದರೂ ಆ ವಾಸನೆ ಹೋಗಲಿಲ್ಲ, ರಾತ್ರಿ ರೊಟ್ಟಿ ತಟ್ಟದೆ ಅಕ್ಕನ ಕೈಯಲ್ಲಿ ತಟ್ಟಿಸಿದಳು. ಮರುದಿನ ನೀರು ಬಿಟ್ಟಾಗ ಎರೆಹುಳಗಳೆಲ್ಲ ಮೇಲೆ ಬಂದು ಹೊರಳಾಡಿ ಸತ್ತವು. ಅವನ್ನು ತಿಂದ ಗೊರವಂಕಗಳು ದಾರಿಯ ಮೇಲೆ ಬಿದ್ದವು. ಧಣಿ ಹಕ್ಕಿಯನ್ನು ಕೊಲ್ಲಲೆಂದು ಔಷಧ ಹಾಕಿಸಲಿಲ್ಲ, ಅಷ್ಟು ನಿಜ ಹೇಳಬೇಕು. ಅವನಿಗೆ ಹಕ್ಕಿಯ ನೆನಪೇ ಇರಲಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಆ ಸಂಜೆ ಕೂಗು ಕೇಳಲಿಲ್ಲ. ಅಕ್ಕ ಕೂಸನ್ನು ಹೊತ್ತು ಸಂಕದ ಮೇಲೆ ನಿಂತೇ ಇದ್ದಳು. ಹಲಗೆ ಕಾಣದಷ್ಟು ಕತ್ತಲಾದ ಮೇಲೆ ಶರಣಪ್ಪ ಬಿಟ್ಟ. ಅಕ್ಕ ಓಡಿದಳು, ಏರಿಯ ಮೇಲೆ ನಿಂತು ಬಸ್ಸಿನ ಹಿಂದಿನ ಕೆಂಪು ದೀಪ ನೋಡಿ ತಿರುಗಿ ಬಂದಳು.

ಮರುದಿನ ಹಕ್ಕಿ ಸಿಕ್ಕಿತು. ಕಾಲುವೆಯ ಬದಿಯ ತರಗೆಲೆಯ ಮೇಲೆ ಮಗ್ಗುಲಾಗಿ ಬಿದ್ದಿತ್ತು, ಮೊದಲು ಕಂಡವಳು ಅಕ್ಕ. ಅಷ್ಟು ವರ್ಷ ಕೂಗಷ್ಟೇ ಕೇಳಿದ್ದ ಹಕ್ಕಿಯನ್ನು ನಾವು ಸರಿಯಾಗಿ ನೋಡಿದ್ದು ಆಗ. ಬೆನ್ನು ಬಾಳೆಯ ಸುಳಿಯ ಹಸಿರು. ರೆಕ್ಕೆಯ ಹೆಗಲ ಮೇಲೆ ಹೊಳೆಯುವ ನೀಲಿ. ಎದೆ ಹೊಟ್ಟೆ ಕೆನೆಗಟ್ಟಿದ ಹಾಲಿನ ಬಣ್ಣ, ಬಾಲದ ಅಡಿಯಲ್ಲಿ ಕುಂಕುಮದಂಥ ಕೆಂಪು. ಕಣ್ಣಿಗೆ ಅಡ್ಡಲಾಗಿ ದಪ್ಪ ಕಾಡಿಗೆಯ ಪಟ್ಟಿ, ಅದರ ಮೇಲೆ ಬಿಳಿಯ ಹುಬ್ಬು, ಗಂಟಲೂ ಬಿಳಿ. ಅಕ್ಕ ರೆಕ್ಕೆಯನ್ನು ಬೆರಳಿನಿಂದ ಬಿಡಿಸಿದಾಗ ಕಪ್ಪಿನ ನಡುವೆ ಒಂದು ಬಿಳಿ ಕಲೆ ಕಂಡಿತು. ಇಷ್ಟೆಲ್ಲ ಬಣ್ಣ ಮೈಮೇಲೆ ಇಟ್ಟುಕೊಂಡು ಅದು ಆ ಕತ್ತಲ ತೋಟದಲ್ಲಿ ಯಾರಿಗೂ ತೋರಿಸದೆ ಬದುಕಿತ್ತು. ಅಕ್ಕ ಅಳಲಿಲ್ಲ. ಇವತ್ತೂ ಕೂಗುವುದಿಲ್ಲ ಎಂದಳು, ಅಷ್ಟೇ.

ದುರುಗವ್ವ ಅದನ್ನು ಸೆರಗಿನಲ್ಲಿ ಎತ್ತಿಕೊಂಡು ಹೋಗಿ, ಗಿಡ ನೋಡಲು ಬಂದಿದ್ದ ಧಣಿಯ ಮುಂದೆ ಹಲಗೆಯ ಮೇಲೆ ಇಟ್ಟಳು. ಧಣಿ ಬಗ್ಗಿ ನೋಡಿದ. ಪಾಪ, ಎಷ್ಟು ಚೆಂದ ಇದೆ ಎಂದ. ಆಮೇಲೆ ಆ ನಗುಮುಖದಲ್ಲೇ ಹೇಳಿದ.

"ಗಡಿಯಾರ ಬ್ಯಾಡ ಅಂದವರು ನೀವ. ಹಕ್ಕಿ ಕೂಗೂತನ ಏಳಂಗಿಲ್ಲ ಅಂದವರೂ ನೀವ. ನಾ ಏನರ ಮಾತು ಮುರದೀನೇನು? ಊರಾಗ ಇದೊಂದ ಹಕ್ಕಿ ಐತೇನವ್ವ, ಇನ್ನೊಂದು ಕೂಗತೈತಿ ತಗೋ."

ಬೇರೆ ಯಾರಾದರೂ ಆಗಿದ್ದರೆ ಹಕ್ಕಿ ಸತ್ತ ಮೇಲೆ ಕರಾರೂ ಸತ್ತಿತು ಎಂದು ಹಲಗೆ ಒದ್ದು ಹೊರಡುತ್ತಿದ್ದರು. ನಮ್ಮವರು ಹಾಗೆ ಮಾಡಲಿಲ್ಲ. ಆಡಿದ ಮಾತಿಗೆ ತಪ್ಪುವುದು ಧಣಿಯಂಥವರ ಚಾಳಿ, ತಮ್ಮದಲ್ಲ ಎಂಬ ಬಿಂಕ ಅವರಿಗಿತ್ತು. ದುರುಗವ್ವ ಆಗಲಿ ಎಂದಳು. ಇನ್ನೊಂದು ಬಂದೇ ಬರುತ್ತದೆ ಎಂದಳು. ಹೋದ ವರ್ಷ ಗುಡ್ಡದ ಕಡೆಯಿಂದಲೂ ಒಂದು ಕೂಗುತ್ತಿತ್ತು ಎಂದು ಯಾರೋ ನೆನಪಿಸಿದರು, ಎಲ್ಲರೂ ಹೌದೆಂದರು. ಹೀಗೆ ಆ ಬಡವಿಯರು ಸತ್ತ ಹಕ್ಕಿಯನ್ನು ಹುಣಸೆಯ ಬುಡದಲ್ಲಿ ಹೂತು, ಇಲ್ಲದ ಹಕ್ಕಿಯ ಕೂಗಿಗೆ ಕಾಯುತ್ತ, ದಿನವೂ ಕತ್ತಲಾಗುವ ತನಕ ನಾರು ಕೆರೆದರು. ಗಡಿಯಾರವಿದ್ದಾಗ ಇಷ್ಟು ಹೊತ್ತು ಎಂದೂ ದುಡಿದಿರಲಿಲ್ಲ.

ಅಕ್ಕನಿಗೆ ಪಾಠ ತಪ್ಪಿತು. ಒಮ್ಮೆ ಮಾಸ್ತರರು ಮನೆಗೇ ಬಂದು ಹುಡುಗಿಯನ್ನು ಕಳಿಸಿ ಎಂದು ಅವ್ವನಿಗೆ ಹೇಳಿಹೋದರು. ಅವ್ವ ಹ್ಞೂಂ ಎಂದಳು. ಮರುದಿನವೂ ಅದೇ ಕತ್ತಲು. ಆಗ ಅಕ್ಕ ಒಂದು ಉಪಾಯ ಹೂಡಿದಳು. ಶಾಲೆಗೆ ಹೋಗುವ ಮುಂಚೆ ನನ್ನನ್ನು ಗುಡ್ಡದ ಗುಂಡುಗಳ ಮರೆಗೆ ಕರೆದುಕೊಂಡು ಹೋಗಿ ಬಾಯಿಗೆ ಬೆರಳಿಟ್ಟು ಆ ಸಿಳ್ಳನ್ನು ಕಲಿಯತೊಡಗಿದಳು. ಸರಿಯಾಯಿತೋ ಇಲ್ಲವೋ ಹೇಳುವ ಕೆಲಸ ನನ್ನದು. ಮೊದಮೊದಲು ಕುರಿ ಕಾಯುವವನ ಸಿಳ್ಳಿನಂತಿತ್ತು, ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಒಂದು ಮುಂಜಾನೆ ಅವಳು ಸಿಳ್ಳು ಹಾಕಿದಾಗ ನಾನು ಹಿಂತಿರುಗಿ ಹಕ್ಕಿಯನ್ನೇ ಹುಡುಕಿದೆ. ಅಂದು ಸಂಜೆಯೇ ಅವಳು ಹುಣಸೆಯ ಆಚೆ, ಬಾಳೆಯ ಮರೆಯಲ್ಲಿ ನಿಂತಳು. ಕೂಸು ಅಳದಿರಲೆಂದು ಬಾಯಿಗೆ ಬೆಲ್ಲದ ಚೂರು ಕೊಟ್ಟು ಜೋಲಿಯಲ್ಲಿ ಕೂರಿಸಿ ನನ್ನನ್ನು ಕಾವಲಿಟ್ಟಿದ್ದಳು.

ಕೂಗು ಬಂತು. ಮೇಲೇರಿ, ಇಳಿದು, ಥೇಟ್ ಅದೇ. ತೋಟದೊಳಗೆ ತಗಡುಗಳು ಒಮ್ಮೆಲೇ ನಿಂತವು. ಹೆಂಗಸರ ನಗು ಕೇಳಿತು. ಕೆಲವರು ಎದ್ದು ಸೆರಗು ಕೊಡವಿದರು. ಶರಣಪ್ಪ ಕೂಡ ಟವೆಲು ಹೆಗಲಿಗೆ ಹಾಕಿಕೊಂಡ. ಅವನಿಗೂ ಮನೆಯಿತ್ತು, ಅವನೂ ಸಾಕಾಗಿದ್ದ. ಅವ್ವ ಅರ್ಧ ಎದ್ದಿದ್ದಳು. ದುರುಗವ್ವ ಮಾತ್ರ ಏಳಲಿಲ್ಲ. ಹುಣಸೆಯ ಕಡೆ ಮುಖ ಮಾಡಿ ಹೇಳಿದಳು.

"ಕೂಡ್ರಿ. ಅದು ಹಕ್ಕಿ ಅಲ್ಲ. ಸುಳ್ಳು ಕೂಗಿಗೆ ಎದ್ರ ನಮಗೂ ಇವನ ಗಡಿಯಾರಕ್ಕೂ ಏನು ಫರಕ?"

ಒಬ್ಬೊಬ್ಬರಾಗಿ ಕೂತರು. ಶರಣಪ್ಪ ಟವೆಲು ಹೆಗಲಿನಿಂದ ಇಳಿಸಿ ಮತ್ತೆ ಗೂಟಕ್ಕೆ ಹಾಕಿದ. ಅವನು ಬಿಟ್ಟಿದ್ದ, ಬಿಡದೇ ಹೋದದ್ದು ನಮ್ಮವರ ಸತ್ಯ. ಅವ್ವ ಎಲ್ಲರಿಗಿಂತ ಕೊನೆಗೆ ಕೂತಳು. ಕೂರುವ ಮುಂಚೆ ಹುಣಸೆಯ ಕಡೆ ನೋಡಿದಳು. ಅಲ್ಲಿ ನಿಂತಿರುವುದು ಯಾರೆಂದು ಅವಳಿಗೆ ಗೊತ್ತಿತ್ತು, ಯಾಕೆ ಎಂದೂ ಗೊತ್ತಿತ್ತು. ಆದರೂ ಕೂತಳು, ತಗಡು ಎತ್ತಿಕೊಂಡಳು.

ಮನೆಗೆ ಹೋಗುವ ದಾರಿಯಲ್ಲಿ ಅಕ್ಕ ಅವ್ವನನ್ನು ಒಂದೇ ಮಾತು ಕೇಳಿದಳು.

"ನಿನಗ ಗೊತ್ತಿತ್ತಲ್ಲಬೇ?"

"ಎಲ್ಲಾರೂ ಕುಂತ್ರು," ಎಂದಳು ಅವ್ವ. "ನಾ ಒಬ್ಬಾಕಿ ಹೆಂಗ ಏಳ್ಲಿ?"

ಪರೀಕ್ಷೆಯ ದಿನ ಅಕ್ಕ ಮಾಸ್ತರರ ಜೊತೆ ಬಸ್ಸು ಹತ್ತಿ ಗಂಗಾವತಿಗೆ ಹೋದಳು. ಅವ್ವ ಎಂದೂ ಇಲ್ಲದ ಹಾಗೆ ಸಜ್ಜೆ ರೊಟ್ಟಿಯ ಜೊತೆ ಮೊಸರಿನ ಬುತ್ತಿ ಕಟ್ಟಿದ್ದಳು. ಸಂಜೆ ಬಂದ ಅಕ್ಕ, ಭಿನ್ನರಾಶಿಯ ಲೆಕ್ಕಗಳೇ ಬಹಳ ಬಂದಿದ್ದವು, ಅವನ್ನು ತಾನು ಹೋಗದ ದಿನಗಳಲ್ಲಿ ಕಲಿಸಿದ್ದರಂತೆ ಎಂದು ಹೇಳಿದಳು. ಕಿರಾಣಿ ಅಂಗಡಿಯವನ ಮಗ ಪಾಸಾದ. ಚಿಲ್ಲರೆ ಲೆಕ್ಕ ಹಾಕಲು ಬಾರದವನು. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನ ಮನೆಯಲ್ಲಿ ಯಾರೂ ಹಕ್ಕಿಗೆ ಕಾಯುತ್ತಿರಲಿಲ್ಲ. ಆ ವರ್ಷ ಇನ್ನೊಂದು ಹಕ್ಕಿ ಬರಲೇ ಇಲ್ಲ. ಯುಗಾದಿಯ ಹೊತ್ತಿಗೆ ಹೆಂಗಸರೇ ಶರಣಪ್ಪನ ಹತ್ತಿರ ಹೋಗಿ ಗಡಿಯಾರ ನೋಡಿಯೇ ನಮ್ಮನ್ನು ಬಿಡು ಎಂದರು. ಅವನು ಏನೂ ಆಡಿಕೊಳ್ಳಲಿಲ್ಲ, ಮಣಿಕಟ್ಟು ಎತ್ತಿ ನೋಡಿ ಇನ್ನೂ ಹೊತ್ತಿದೆ ಎಂದ.

ಅಕ್ಕ ಊರ ಶಾಲೆ ಮುಗಿಸಿ ಅವ್ವನ ಪಕ್ಕದ ಹಲಗೆಗೆ ಕೂತಳು. ಪಾಠಕ್ಕೆ ಹೋಗುವ ನನ್ನ ಸರದಿ ಬಂದಾಗ, ಮನೆಗೆಲಸ ನನ್ನ ಮೇಲೆ ಬೀಳದಿರಲೆಂದು, ಸಂಜೆ ಅವ್ವನ ಪಾಲಿನ ಕಾಂಡವನ್ನೂ ತಾನೇ ಕೆರೆದು, ಮಿಸ್ತ್ರಿಯ ಬೈಗುಳ ತಾನೇ ತಿಂದು, ಅವ್ವನನ್ನು ಬೆಳಕಿದ್ದಾಗ ಮನೆಗೆ ಕಳಿಸುತ್ತಿದ್ದಳು. ನಾನು ಅದೇ ಮಾಸ್ತರರ ಪಾಠಕ್ಕೆ ಹೋದೆ, ಪಾಸಾದೆ, ಸರಕಾರದ ಮಂಚದ ಮೇಲೆ ಮಲಗಿದೆ. ಈಗ ಕುಷ್ಟಗಿಯಲ್ಲಿ ಮಕ್ಕಳಿಗೆ ಭಿನ್ನರಾಶಿ ಕಲಿಸುತ್ತೇನೆ. ನಾನು ಹಾಸ್ಟೆಲಿನಲ್ಲಿ ಹತ್ತನೆಯ ಇಯತ್ತೆ ಮುಟ್ಟುವ ಮುಂಚೆಯೇ ಅಕ್ಕನ ಮದುವೆ ಆಗಿತ್ತು, ಅದೇ ಊರಿನಲ್ಲಿ, ಅದೇ ತೋಟದ ಕೂಲಿಯವನಿಗೆ.

ಈಗ ಹೋದರೆ ತೋಟದ ಅರ್ಧ ಭಾಗ ಪ್ರವಾಸಿಗರ ವಸತಿಗೃಹವಾಗಿದೆ. ಹಕ್ಕಿಗಳ ಇಂಚರ ಕೇಳುತ್ತ ಏಳಿ ಎಂದು ಬಾಗಿಲಿಗೆ ಹಲಗೆ ತೂಗುಹಾಕಿದ್ದಾರೆ. ಒಂದು ತರಗೆಲೆ ಬಿದ್ದರೆ ಓಡಿ ಬಂದು ಗುಡಿಸುತ್ತಾರೆ. ಆ ಹಕ್ಕಿ ದಾರಿ ತಪ್ಪಿ ಬಂದರೂ ಅಲ್ಲಿ ಏನನ್ನು ಎತ್ತಿ ಒಗೆದು ಹುಳ ಹೆಕ್ಕಬೇಕು? ಉಳಿದ ಅರ್ಧದಲ್ಲಿ ಬಾಳೆ ಇದೆ, ಔಷಧ ಇದೆ, ನೆಲ ಬೂದಿಯಂತೆ ಇದೆ. ನಾರಿನ ಕೆಲಸ ತಗಡಿನ ಶೆಡ್ಡಿಗೆ ಬಂದಿದೆ, ಗೋಡೆಗೆ ಗಡಿಯಾರವಿದೆ, ಎಲ್ಲರ ಸೊಂಟದಲ್ಲೂ ಫೋನಿದೆ. ಹೊತ್ತಿಗೆ ಸರಿಯಾಗಿ ಬಿಡುತ್ತಾರೆ. ಇದು ಒಳ್ಳೆಯದೇ. ಒಳ್ಳೆಯದು ಇಷ್ಟು ತಡವಾಗಿ ಬಂದರೆ ಅದನ್ನು ನೋಡಿ ಹೊಟ್ಟೆ ಉರಿಯುತ್ತದೆ. ದುರುಗವ್ವ ಇಲ್ಲ, ಅವ್ವ ಇಲ್ಲ. ಅವ್ವ ಕೊನೆಯ ವರ್ಷಗಳಲ್ಲಿ ಅಕ್ಕನ ಕೈಯಿಂದ ಊಟ ಮಾಡುವಾಗಲೆಲ್ಲ ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದಳು.

ಕಳೆದ ಚಳಿಗಾಲ ಶಿಕ್ಷಕರ ಶಿಬಿರಕ್ಕೆಂದು ದಾಂಡೇಲಿಯ ಕಾಡಿಗೆ ಹೋಗಿದ್ದೆ. ನಸುಕಿನಲ್ಲಿ ಹಲ್ಲುಜ್ಜುತ್ತ ನಿಂತಾಗ ಬಿದಿರಿನ ಮೆಳೆಯ ಆಚೆಯಿಂದ ಆ ಸಿಳ್ಳು ಬಂತು. ಬ್ರಶ್ಶು ಕೈಯಲ್ಲೇ ಉಳಿಯಿತು. ಶಿಬಿರದಲ್ಲಿದ್ದವರೊಬ್ಬರು ಅದರ ಹೆಸರು ನವರಂಗ ಎಂದು ಹೇಳಿದರು. ಬೇಸಿಗೆಯಲ್ಲಿ ಉತ್ತರಕ್ಕೆ, ಹಿಮಾಲಯದ ಬುಡದ ಕಾಡುಗಳ ತನಕ ಹೋಗಿ ಮಳೆಗಾಲದಲ್ಲಿ ಗೂಡು ಕಟ್ಟಿ ಮರಿ ಮಾಡುತ್ತದಂತೆ, ಮಳೆ ಮುಗಿದ ಮೇಲೆ ದಕ್ಷಿಣಕ್ಕೆ ತಿರುಗುತ್ತದಂತೆ, ಹಾರುವುದೆಲ್ಲ ರಾತ್ರಿಯಂತೆ. ಅಷ್ಟು ದೂರದಿಂದ, ಅಷ್ಟು ರಾತ್ರಿಗಳನ್ನು ದಾಟಿ ಬಂದು, ನಮ್ಮ ಧಣಿಯ ಬಾಳೆಯ ಬುಡದಲ್ಲಿ ಒಂದು ಹುಳ ತಿಂದು ಸತ್ತಿತಲ್ಲ ಎಂದು ಆಗ ಅನಿಸಿತು. ಮರುದಿನ ನಸುಕಿನಲ್ಲಿ ಕಾದು ನಿಂತು ಆ ಕೂಗನ್ನು ಫೋನಿನಲ್ಲಿ ಹಿಡಿದುಕೊಂಡೆ. ಅಕ್ಕನಿಗೆ ಕೇಳಿಸಬೇಕು, ಅವಳು ಖುಷಿಪಡುತ್ತಾಳೆ ಎಂದುಕೊಂಡೆ. ಓದಿದವರಿಗೆ ಇಂಥ ದಡ್ಡತನ ಸಹಜ.

ರಜೆಯಲ್ಲಿ ಊರಿಗೆ ಹೋದಾಗ ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು, ಕಂಕುಳಲ್ಲಿ ಮಗಳ ಕೂಸು. ಅವಳಿಗಿನ್ನೂ ನಲವತ್ತಾಗಿಲ್ಲ, ಅಜ್ಜಿಯಾಗಿದ್ದಾಳೆ. ನಾನು ಫೋನನ್ನು ಅವಳ ಹತ್ತಿರ ಹಿಡಿದು ಹಚ್ಚಿದೆ. ಕೂಗು ಏರಿತು, ಇಳಿಯಿತು. ಅಕ್ಕ ತಟ್ಟನೆ ಎದ್ದು ನಿಂತಳು. ಕೂಸನ್ನು ಇಳಿಸಲು ಬಗ್ಗಿದ್ದಳು, ಅರ್ಧಕ್ಕೆ ತಡೆದು ಮತ್ತೆ ಅವಚಿಕೊಂಡಳು. ಆಮೇಲೆ ತನ್ನ ಕರೆಗಟ್ಟಿದ ಅಂಗೈಯಿಂದ ಫೋನನ್ನು ಮುಚ್ಚಿದಳು.

"ಬಂದ್ ಮಾಡು ತಂಗಿ. ಇದನ್ನ ಕೇಳಿದ್ರ ಈಗೂ ಕೂಸು ಇಳಿಸಿ ಓಡಬೇಕನಸ್ತೈತಿ."

ನಾನು ಬಂದ್ ಮಾಡಿದೆ. ಅವಳು ಗುಡ್ಡದ ಕಡೆ ನೋಡಿದಳು.

"ಎಲ್ಲಿಗೆ ಓಡೂದು, ಅದ ತಿಳಿವಲ್ದು," ಎಂದಳು.

ಹಾಗೆಂದು ಮೊಮ್ಮಗನನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, ಒಲೆಯ ಮೇಲೆ ಅನ್ನ ಬೆಂದಿತೋ ನೋಡಲು ಒಳಗೆ ಹೋದಳು.